ಬೈಕ್ ಬ್ರ್ಯಾಂಡ್ ಮುಚ್ಚಿದರೆ ನಿಮ್ಮ ಗಾಡಿಗೆ ಏನಾಗುತ್ತೆ?

ಒಂದು ಕಂಪನಿ ತನ್ನ ಬೈಕ್ ಬ್ರ್ಯಾಂಡನ್ನು ನಿಲ್ಲಿಸುತ್ತೇವೆ ಅಂತ ಹೇಳಿತು ಅಂದುಕೊಳ್ಳಿ. ಸುದ್ದಿ ವಿಜಯಪುರ ಮುಟ್ಟಲು ಒಂದು ತಾಸೂ ಬೇಡ. ಸಂಜೆ ಗಾಂಧಿ ಚೌಕದ ಚಹಾದಂಗಡಿಯಲ್ಲಿ ಅದೇ ಮಾತು. "ಇನ್ನ ಪಾರ್ಟ್ ಸಿಗಂಗಿಲ್ಲ ಬಿಡ್ರಿ" ಅಂತ ಒಬ್ಬರು. "ಈಗಲೇ ಮಾರಿಬಿಡ್ರಿ, ಮುಂದ ಗುಜರಿಯವನೂ ತಗೊಳ್ಳಂಗಿಲ್ಲ" ಅಂತ ಇನ್ನೊಬ್ಬರು. ಸಾಲದ ಕಂತು ಇನ್ನೂ ಮುಗಿಯದವನಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ.

ಈ ಗಾಬರಿಗೆ ಅರ್ಥವಿದೆ. ನಮ್ಮ ಕಡೆ ಬೈಕ್ ದುಡಿಮೆಯ ಸಾಮಾನು. ತಿಕೋಟಾದ ದ್ರಾಕ್ಷಿ ತೋಟಕ್ಕೆ ಔಷಧಿ ಡಬ್ಬಿ ಹೋಗುವುದು ಅದರ ಮೇಲೆ. ಇಂಡಿಯ ನಿಂಬೆಹಣ್ಣಿನ ಚೀಲ, ಇಳಕಲ್ಲಿನ ಸೀರೆ ಗಂಟು, ಡೇರಿಗೆ ಹಾಕುವ ಹಾಲಿನ ಕ್ಯಾನು, ಎಲ್ಲವೂ ಅದರ ಮೇಲೆಯೇ. ಗಾಡಿ ನಾಲ್ಕು ದಿನ ಗ್ಯಾರೇಜಿನಲ್ಲಿ ನಿಂತರೆ ನಾಲ್ಕು ದಿನದ ಕೆಲಸ ನಿಂತಂತೆ. ಒಂದು ಸಣ್ಣ ಸೆನ್ಸರ್‌ಗಾಗಿ ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಹೋಗಿಬರುವುದು ಎಲ್ಲರಿಗೂ ಆಗುವ ಮಾತಲ್ಲ.

ಆದರೆ ಮುಚ್ಚಿತು ಅನ್ನುವ ಸುದ್ದಿ ಪ್ರತಿ ಸಲವೂ ಒಂದೇ ರೀತಿಯದಾಗಿರುವುದಿಲ್ಲ. ಕೆಲವು ಸಲ ಟ್ಯಾಂಕಿನ ಮೇಲಿನ ಹೆಸರು ಮಾತ್ರ ಹೋಗುತ್ತದೆ, ಫ್ಯಾಕ್ಟರಿ ಹಾಗೇ ನಡೆಯುತ್ತದೆ. ಕೆಲವು ಸಲ ಕಂಪನಿ ಗಟ್ಟಿಯಾಗಿಯೇ ಇರುತ್ತದೆ, ಒಂದು ಮಾಡೆಲ್ ಮಾತ್ರ ನಿಲ್ಲುತ್ತದೆ. ವಿದೇಶಿ ಕಂಪನಿ ನಮ್ಮ ದೇಶದಿಂದ ಎದ್ದು ಹೋಗುವುದೂ ಉಂಟು. ಕೊನೆಯದು, ಕಂಪನಿಯೇ ದಿವಾಳಿಯಾಗಿ ಬೀಗ ಬೀಳುವುದು. ಹಾಗಾಗಿ ಮಾಲೀಕ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇದರಲ್ಲಿ ಹೋದದ್ದು ಯಾವುದು? ನನ್ನ ಗಾಡಿಯಲ್ಲಿ ಬೇರೆ ಯಾವ ಗಾಡಿಯದ್ದೂ ಕೂಡದ ಭಾಗ ಯಾವುದು? ಮಾರಬೇಕೋ ಇಟ್ಟುಕೊಳ್ಳಬೇಕೋ ಅನ್ನುವುದು ಈ ಎರಡರ ಉತ್ತರದ ಮೇಲೆ ನಿಂತಿದೆ. ಚಹಾದಂಗಡಿಯ ಮಾತಿನ ಮೇಲೆ ನಿರ್ಧಾರ ಬೇಡ.

ಹೆಸರು ಮಾತ್ರ ಹೋದದ್ದಕ್ಕೆ ಹೀರೋ ಹೋಂಡಾ ಒಳ್ಳೆಯ ಉದಾಹರಣೆ. 1984ರಲ್ಲಿ ಕೂಡಿದ ಎರಡು ಕಂಪನಿಗಳು 2010ರ ಡಿಸೆಂಬರ್‌ನಲ್ಲಿ ಬೇರೆಯಾಗುತ್ತೇವೆ ಅಂತ ಹೇಳಿದವು. ಅಣ್ಣತಮ್ಮಂದಿರು ಪಾಲಾದ ಹಾಗೆ, ಹೊಲ ಯಾರಿಗೆ, ಬಾವಿ ಯಾರಿಗೆ ಅನ್ನುವ ಚಿಂತೆ ಆಗ ಎಲ್ಲರಿಗೂ ಇತ್ತು. ಆದರೆ ಸ್ಪ್ಲೆಂಡರ್ ಹೀರೋ ಪಾಲಿಗೆ ಉಳಿಯಿತು. ಅದೇ ಗಾಡಿ, ಅದೇ ಪಾರ್ಟ್, ಬೇರೆ ಸ್ಟಿಕ್ಕರ್. ಕೆಎ-28, ಕೆಎ-29 ನಂಬರಿನ ಎಷ್ಟೋ ಹಳೆಯ ಸ್ಪ್ಲೆಂಡರ್‌ಗಳ ಟ್ಯಾಂಕಿನ ಮೇಲೆ ಇವತ್ತಿಗೂ ಹೀರೋ ಹೋಂಡಾ ಅಂತಲೇ ಇದೆ. ಅವುಗಳ ಕ್ಲಚ್ ಪ್ಲೇಟಿಗೆ ಯಾರೂ ಹುಡುಕಾಡಿದ್ದಿಲ್ಲ. 2001ರಲ್ಲಿ ಟಿವಿಎಸ್ ಮತ್ತು ಸುಜುಕಿ ಬೇರೆಯಾದಾಗಲೂ ಹೆಚ್ಚು ಕಡಿಮೆ ಹೀಗೇ ಆಯಿತು.

ಮಾಡೆಲ್ ಮಾತ್ರ ನಿಂತದ್ದಕ್ಕೆ ಯಮಹಾ ಆರ್‌ಎಕ್ಸ್ 100 ಸಾಕು. 1985ರಲ್ಲಿ ಬಂತು, 1996ರಲ್ಲಿ ನಿಂತಿತು. ಎರಡು ಸ್ಟ್ರೋಕ್ ಎಂಜಿನ್ನಿನ ಹೊಗೆ ಹೊಸ ನಿಯಮಗಳಿಗೆ ಒಗ್ಗುವಂಥದ್ದಾಗಿರಲಿಲ್ಲ. ಆದರೆ ಗಾಡಿಗಳು ಎಷ್ಟಿದ್ದವು ಅಂದರೆ ಪಿಸ್ಟನ್, ರಿಂಗ್, ಬ್ಲಾಕ್ ಮಾಡುವ ಬೇರೆ ಕಂಪನಿಗಳಿಗೆ ಅದೊಂದು ಖಾಯಂ ವ್ಯಾಪಾರವಾಯಿತು. ಅದಕ್ಕೇ ನಿಂತ ಮಾಡೆಲ್ ಆದರೂ ಅದರ ಬೆಲೆ ಏರಿತು. ಗಾಡಿಗಳ ಸಂಖ್ಯೆ ಜಾಸ್ತಿ ಇದ್ದಷ್ಟೂ ಮಾಲೀಕನಿಗೆ ಧೈರ್ಯ ಜಾಸ್ತಿ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬ್ಯೂಯೆಲ್ ಕಲಿಸಿದ್ದು

ಇಡೀ ಬ್ರ್ಯಾಂಡ್ ಒಂದೇ ದಿನ ನಿಂತಾಗ ಏನಾಗುತ್ತದೆ ಅಂತ ತಿಳಿಯಲು ಅಮೆರಿಕದ ಬ್ಯೂಯೆಲ್ ಕಥೆ ನೋಡಬೇಕು. ನಮ್ಮ ರಸ್ತೆಯಲ್ಲಿ ಅದನ್ನು ಕಂಡವರು ಬಹಳ ಕಡಿಮೆ. ಆದರೆ ಅದರ ಮಾಲೀಕರಿಗೆ ಬಂದ ಪ್ರಶ್ನೆಗಳು ನಮ್ಮವೇ.

ಎರಿಕ್ ಬ್ಯೂಯೆಲ್ ಮೊದಲು ಹಾರ್ಲಿ-ಡೇವಿಡ್‌ಸನ್‌ನಲ್ಲಿ ಎಂಜಿನಿಯರ್ ಆಗಿದ್ದವರು. 1983ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ತಮ್ಮದೇ ಕಂಪನಿ ಶುರು ಮಾಡಿದರು. ಹಾರ್ಲಿ 1993ರಲ್ಲಿ ಅದರಲ್ಲಿ ಪಾಲು ತೆಗೆದುಕೊಂಡಿತು, 2003ರ ಹೊತ್ತಿಗೆ ಪೂರ್ತಿ ತನ್ನದಾಗಿಸಿಕೊಂಡಿತು. ಹಾರ್ಲಿ ಅಂದರೆ ಭಾರದ, ನಿಧಾನ ಗತ್ತಿನ ಗಾಡಿ. ಬ್ಯೂಯೆಲ್ ಹಗುರ, ಚುರುಕು, ತಿರುವಿನಲ್ಲಿ ಓಡಿಸುವ ಗಾಡಿ. ಒಂದೇ ಶೋರೂಮಿನಲ್ಲಿ ಎರಡನ್ನೂ ಮಾರಬೇಕಿತ್ತು. ಹಾರ್ಲಿ ಡೀಲರ್‌ಗಳಿಗೆ ನಮ್ಮ ಗಾಡಿಯ ಮೇಲೆ ಮನಸ್ಸೇ ಇರಲಿಲ್ಲ ಅನ್ನುವುದು ಬ್ಯೂಯೆಲ್ ಸವಾರರ ಹಳೆಯ ದೂರು.

2008ರ ಆರ್ಥಿಕ ಕುಸಿತ ಬಂತು. ಅಮೆರಿಕದಲ್ಲಿ ದೊಡ್ಡ ಬೈಕುಗಳನ್ನು ಹೆಚ್ಚಾಗಿ ಸಾಲದ ಮೇಲೆ ಕೊಳ್ಳುತ್ತಾರೆ. ಸಾಲ ಸಿಗುವುದು ನಿಂತಾಗ ಮಾರಾಟವೂ ಬಿತ್ತು. 2009ರ ಅಕ್ಟೋಬರ್ 15ರಂದು ಹಾರ್ಲಿ ಎರಡು ನಿರ್ಧಾರ ಹೇಳಿತು. ಬ್ಯೂಯೆಲ್ ಬಂದ್. ವರ್ಷದ ಹಿಂದಷ್ಟೇ ಕೊಂಡಿದ್ದ ಇಟಲಿಯ ಎಂವಿ ಅಗುಸ್ಟಾ ಮಾರಾಟಕ್ಕೆ. ಇನ್ನು ನಮ್ಮ ಗಮನವೆಲ್ಲ ಹಾರ್ಲಿಯ ಮೇಲೆ ಅನ್ನುವುದು ಅದರ ಲೆಕ್ಕ. ಅಷ್ಟರಲ್ಲಿ 1,35,000ಕ್ಕೂ ಹೆಚ್ಚು ಬ್ಯೂಯೆಲ್ ಬೈಕುಗಳು ಫ್ಯಾಕ್ಟರಿಯಿಂದ ಹೊರಬಂದಿದ್ದವು.

ಮಾಲೀಕರು ಸಿಟ್ಟಾದರು, ಅತ್ತರು, ಒಬ್ಬರಿಗೊಬ್ಬರು ಸಮಾಧಾನ ಹೇಳಿದರು. ಅದರಲ್ಲಿ ದೊಡ್ಡ ಪೆಟ್ಟು ತಿಂದವರು ಯಾರು ಗೊತ್ತಾ? ಅದೇ ಋತುವಿನಲ್ಲಿ ಪೂರ್ತಿ ಬೆಲೆ ಕೊಟ್ಟು ಹೊಸ ಗಾಡಿ ತಂದವರು. ಉಳಿದ ಗಾಡಿಗಳನ್ನು ಖಾಲಿ ಮಾಡಲು ಶೋರೂಮುಗಳು ದೊಡ್ಡ ರಿಯಾಯಿತಿ ಕೊಟ್ಟವು. ಹೊಸ ಗಾಡಿಯೇ ಅಗ್ಗವಾದ ಮೇಲೆ ಸೆಕೆಂಡ್ ಹ್ಯಾಂಡ್ ಬೆಲೆ ಎಲ್ಲಿ ನಿಲ್ಲುತ್ತದೆ? ಗಾಬರಿಯಲ್ಲಿ ಮಾರಿದವರು ಇನ್ನೂ ಕಳೆದುಕೊಂಡರು. ಇನ್ನು ಕೆಲವರು ಇದೇ ಸಮಯ ಅಂತ ಕಡಿಮೆ ದುಡ್ಡಿಗೆ ಎರಡನೇ ಬ್ಯೂಯೆಲ್ ತಂದಿಟ್ಟುಕೊಂಡರು, ಮುಂದೆ ಬಿಡಿಭಾಗಕ್ಕಾದರೂ ಆಗುತ್ತದೆ ಅಂತ.

ವಾರಂಟಿ ನಡೆಯುತ್ತದೆ, ಪಾರ್ಟ್ ಮತ್ತು ಸರ್ವಿಸ್ ಹಾರ್ಲಿ ಡೀಲರ್‌ಗಳ ಮೂಲಕ ಸಿಗುತ್ತದೆ ಅಂತ ಕಂಪನಿ ಹೇಳಿತ್ತು. ಅಂದರೆ ಹೋದದ್ದು ಬ್ರ್ಯಾಂಡ್, ಜವಾಬ್ದಾರಿ ಹೊತ್ತ ಕಂಪನಿ ಇನ್ನೂ ಬದುಕಿತ್ತು. ಇದು ನಮ್ಮ ಮೊದಲ ಪ್ರಶ್ನೆಗೆ ಉತ್ತರ.

ಎರಡನೇ ಪ್ರಶ್ನೆಯೇ ಇಲ್ಲಿ ಹೆಚ್ಚು ಆಸಕ್ತಿಯದು. ಬ್ಯೂಯೆಲ್‌ನ ಎಕ್ಸ್‌ಬಿ ಸಾಲಿನ ಗಾಡಿಗಳ ಎಂಜಿನ್ ಹಾರ್ಲಿಯ ಸ್ಪೋರ್ಟ್‌ಸ್ಟರ್ ವಂಶದ್ದು. ಸ್ಪೋರ್ಟ್‌ಸ್ಟರ್ ಮುಂದೆಯೂ ವರ್ಷಗಟ್ಟಲೆ ತಯಾರಾಯಿತು. ಹಾಗಾಗಿ ಎಂಜಿನ್ನಿನ ಒಳಗಿನ ಎಷ್ಟೋ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ಎಲ್ಲೆಡೆ ಇದ್ದರು. ಆದರೆ ಅದೇ ಗಾಡಿಯಲ್ಲಿ ಪೆಟ್ರೋಲ್ ತುಂಬುವುದು ಚಾಸಿಯ ಒಳಗೆ. ಎಂಜಿನ್ ಆಯಿಲ್ ಇರುವುದು ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್‌ನಲ್ಲಿ. ಮುಂದಿನ ಬ್ರೇಕ್ ಡಿಸ್ಕ್ ಚಕ್ರದ ನಡುವಿನ ಭಾಗಕ್ಕೆ ಕೂಡದೆ ನೇರ ಹೊರಗಿನ ರಿಮ್ಮಿಗೆ ಕೂಡುತ್ತದೆ. ಭಾರ ಕಡಿಮೆ ಮಾಡಲು ಮಾಡಿದ ಅದ್ಭುತ ಕೆಲಸ ಇದು. ಆದರೆ ಆ ಡಿಸ್ಕ್ ಬೇರೆ ಯಾವ ಬೈಕಿನದ್ದೂ ಆಗುವುದಿಲ್ಲ. ಒಂದು ಅಪಘಾತದಲ್ಲಿ ಚಾಸಿ ಬಾಗಿದರೆ ಪೆಟ್ರೋಲ್ ಟ್ಯಾಂಕೂ ಹೋದಂತೆ. ಕೊನೆಗೆ ಬಂದ 1125ಆರ್ ಮಾಡೆಲ್ಲಿನ ಎಂಜಿನ್ ಆಸ್ಟ್ರಿಯಾದ ರೋಟ್ಯಾಕ್ಸ್ ಮಾಡಿಕೊಟ್ಟದ್ದು. ಅದಕ್ಕೆ ಹಾರ್ಲಿ ಎಂಜಿನ್ನಿನ ನಂಟೂ ಇರಲಿಲ್ಲ. ಒಂದೇ ಬ್ರ್ಯಾಂಡ್, ಒಂದೇ ದಿನ ಬಂದ್, ಆದರೆ ಎರಡು ಮಾಡೆಲ್ಲಿನ ಮಾಲೀಕರ ಭವಿಷ್ಯ ಬೇರೆ ಬೇರೆ. ಬ್ರ್ಯಾಂಡಿನ ಹೆಸರಿಗಿಂತ ನಿಮ್ಮ ಮಾಡೆಲ್ಲಿನ ಒಳಗೆ ಏನಿದೆ ಅನ್ನುವುದು ದೊಡ್ಡದು ಅಂತ ನಾನು ಹೇಳುವುದು ಇದಕ್ಕೇ.

ಈ ಕಥೆಗೆ ನಮ್ಮ ದೇಶದ ಕೊಂಡಿಯೂ ಇದೆ. ಎರಿಕ್ ಬ್ಯೂಯೆಲ್ ಆಮೇಲೆ ಎರಿಕ್ ಬ್ಯೂಯೆಲ್ ರೇಸಿಂಗ್ ಅಂತ ಹೊಸ ಕಂಪನಿ ಮಾಡಿದರು. 2013ರಲ್ಲಿ ನಮ್ಮ ಹೀರೋ ಮೋಟೊಕಾರ್ಪ್ ಅದರಲ್ಲಿ 49.2% ಪಾಲು ತೆಗೆದುಕೊಂಡಿತು. 2015ರ ಏಪ್ರಿಲ್‌ನಲ್ಲಿ ಆ ಕಂಪನಿಯೂ ಬಾಗಿಲು ಹಾಕಿತು. ಐದು ವರ್ಷದ ಮೇಲೆ ಹಾರ್ಲಿಯೇ ಭಾರತ ಬಿಟ್ಟು ಹೊರಟಿತು. 2020ರ ಸೆಪ್ಟೆಂಬರ್‌ನಲ್ಲಿ ಹರಿಯಾಣದ ಬಾವಲ್ ಫ್ಯಾಕ್ಟರಿ ಮುಚ್ಚುವುದಾಗಿ ಹೇಳಿತು. ಆಗ ಇಲ್ಲಿನ ಮಾಲೀಕರಿಗೆ ಅಮೆರಿಕದ ಬ್ಯೂಯೆಲ್ ಮಾಲೀಕರದೇ ಸ್ಥಿತಿ. ಒಂದು ತಿಂಗಳ ಮೇಲೆ, ಅಕ್ಟೋಬರ್‌ನಲ್ಲಿ, ಹೀರೋ ಜೊತೆ ಒಪ್ಪಂದವಾಯಿತು. ಮಾರಾಟ, ಪಾರ್ಟ್, ಸರ್ವಿಸ್ ಹೀರೋ ಕೈಗೆ ಬಂತು. ಆ ಒಂದು ತಿಂಗಳಲ್ಲಿ ಹೆದರಿ ಗಾಡಿ ಮಾರಿದವರು ನಷ್ಟ ಮಾಡಿಕೊಂಡರು. ಆದರೆ ಬಾವಲ್‌ನಲ್ಲಿ ತಯಾರಾಗುತ್ತಿದ್ದ ಸ್ಟ್ರೀಟ್ 750 ಮಾತ್ರ ಮರಳಿ ಬರಲಿಲ್ಲ. ಬ್ರ್ಯಾಂಡ್ ಉಳಿದರೂ ಮಾಡೆಲ್ ಹೋಯಿತು. ಅದನ್ನು ಇಟ್ಟುಕೊಂಡವರಿಗೆ ಬಾಡಿ ಪಾರ್ಟಿನ ಚಿಂತೆ ಬೇರೆಯೇ.

ಗಾಡಿ ಬಿಚ್ಚಿ ನೋಡಿದರೆ

ಈಗ ನಿಮ್ಮ ಗಾಡಿಗೆ ಬರೋಣ. ಬೈಕ್ ಕಂಪನಿಗಳು ಎಲ್ಲ ಭಾಗವನ್ನೂ ತಾವೇ ಮಾಡುವುದಿಲ್ಲ. ಚಕ್ರದ ಬೇರಿಂಗ್ ತೆಗೆದು ನೋಡಿ, ಅಂಚಿನಲ್ಲಿ 6203 ಅಂತಲೋ 6204 ಅಂತಲೋ ನಂಬರ್ ಇರುತ್ತದೆ. 6203 ಅಂದರೆ ಒಳಗಿನ ತೂತು 17 ಮಿಲಿಮೀಟರ್, ಹೊರಗಿನ ಅಳತೆ 40, ದಪ್ಪ 12. ಜಗತ್ತಿನ ಯಾವ ಅಂಗಡಿಯಲ್ಲಿ ಕೊಂಡರೂ ಅದೇ ಅಳತೆ. ಅದಕ್ಕೆ ಬೈಕ್ ಕಂಪನಿಯ ಹಂಗೇ ಇಲ್ಲ. ಟೈರ್, ಸ್ಪಾರ್ಕ್ ಪ್ಲಗ್, ಚೈನ್, ಬಲ್ಬ್, ಬ್ಯಾಟರಿ, ಆಯಿಲ್ ಸೀಲ್ ಎಲ್ಲದಕ್ಕೂ ಹೀಗೇ ನಂಬರ್ ಇದೆ. ಬ್ರೇಕ್ ಕ್ಯಾಲಿಪರ್ ಮೇಲೆ ಬೈಬ್ರೆ ಅಂತ ಇದ್ದರೆ ಅದು ಬ್ರೆಂಬೊ ಕಂಪನಿಯ ಭಾರತದ ಬ್ರ್ಯಾಂಡ್. ಬೇರೆ ಬೇರೆ ಕಂಪನಿಯ ಬೈಕುಗಳಲ್ಲಿ ಅದು ಇದೆ. ಪ್ಯಾಡ್ ಸಿಗುವುದು ಕಷ್ಟವಲ್ಲ. ಸರ್ವಿಸ್ ಮಾಡಿಸುವಾಗ ಪಕ್ಕದಲ್ಲಿ ನಿಂತು ಈ ನಂಬರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ, ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬ್ರ್ಯಾಂಡ್ ನಿಂತ ಮೇಲೆ ಕಂಪನಿಯ ಪಾರ್ಟ್ ಪುಸ್ತಕಕ್ಕಿಂತ ಈ ನೋಟ್‌ಬುಕ್ಕೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮುಂದಿನದು ಲೇತ್ ಮೇಲೆ ಮಾಡಿಸಬಹುದಾದ ಭಾಗಗಳು. ಬುಷ್, ಪಿನ್, ಸ್ಪ್ರಾಕೆಟ್, ಶಾಫ್ಟ್, ಬ್ಲಾಕಿನ ಸ್ಲೀವ್. ಈ ವಿಷಯದಲ್ಲಿ ನಮ್ಮ ಭಾಗದವರ ಅದೃಷ್ಟ ದೊಡ್ಡದು. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಫೌಂಡ್ರಿಗಳಿವೆ, ಲೇತ್ ಅಂಗಡಿಗಳ ಸಾಲೇ ಇದೆ. ಎರಕ ಹೊಯ್ಯುವವರು, ಗೇರು ಕೊರೆಯುವವರು, ಬೋರಿಂಗ್ ಮಾಡುವವರು ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ಸವೆದ ಭಾಗವನ್ನು ಕೈಗೆ ಕೊಟ್ಟರೆ ಅಳತೆ ತೆಗೆದು ಹೊಸದು ಮಾಡಿಕೊಡುವ ಕೈಗಳು ಅಲ್ಲಿವೆ. ಈ ಜ್ಞಾನಕ್ಕೆ ನಾವು ಕೊಡುವ ಬೆಲೆ ಕಡಿಮೆ ಅಂತ ನನಗೆ ಯಾವಾಗಲೂ ಅನಿಸುತ್ತದೆ. ಕಂಪನಿ ಕೈಬಿಟ್ಟ ಗಾಡಿಯನ್ನು ರಸ್ತೆಯ ಮೇಲೆ ಉಳಿಸುವವರು ಇವರೇ.

ಮೈಸೂರಿನ ಜಾವಾ, ಯೆಜ್ಡಿ ಉಳಿದದ್ದು ಇಂಥ ಕೈಗಳಿಂದಲೇ. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ ಶುರುವಾಯಿತು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ, ಕನ್ನಡ ನೆಲದ ಕೆಲಸಗಾರರು. ಆಮೇಲೆ ಯೆಜ್ಡಿ ಅನ್ನುವ ಹೆಸರಿನಲ್ಲಿ ಗಾಡಿ ಬಂತು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಇಲ್ಲಿ ಕಂಪನಿಯೇ ಹೋಯಿತು. ವಾರಂಟಿ ಕೇಳಲು, ಪಾರ್ಟ್ ಕೇಳಲು ಯಾರೂ ಉಳಿಯಲಿಲ್ಲ. ಲೆಕ್ಕದ ಪ್ರಕಾರ ಆ ಗಾಡಿಗಳು ಹತ್ತು ವರ್ಷದಲ್ಲಿ ಗುಜರಿ ಸೇರಬೇಕಿತ್ತು. ಆದರೆ ಇವತ್ತಿಗೂ ಜುಲೈ ತಿಂಗಳ ಎರಡನೇ ಭಾನುವಾರ ಮಾಲೀಕರು ಅವುಗಳನ್ನು ಹೊರಗೆ ತಂದು ಸೇರುತ್ತಾರೆ.

ಯಾಕೆ ಉಳಿದವು? ಪ್ರೀತಿಯಿಂದ ಅಂತ ಹೇಳುವುದು ಸುಲಭ. ಪ್ರೀತಿ ಇತ್ತು, ನಿಜ. ಆದರೆ ಎಂಜಿನ್ನೂ ಹಾಗೇ ಇತ್ತು. ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಶಾಫ್ಟ್ ಇಲ್ಲ. ತಿರುಗುವ ಭಾಗಗಳೇ ಕಡಿಮೆ. ಬ್ಲಾಕ್ ಸವೆದರೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಬಹುದು. ಕಿಕ್ ಹೊಡೆಯುವ ಲಿವರನ್ನೇ ಮಡಚಿ ಗೇರ್ ಹಾಕುವ ವಿಚಿತ್ರ ವ್ಯವಸ್ಥೆ ಇತ್ತು, ಆದರೆ ಅದೂ ಕಬ್ಬಿಣದ್ದೇ. ಕಂಪ್ಯೂಟರ್ ಎಲ್ಲೂ ಇರಲಿಲ್ಲ. ಕಬ್ಬಿಣವನ್ನು ಅಳೆಯಬಹುದು, ಬೆಸೆಯಬಹುದು, ಮತ್ತೆ ಮಾಡಬಹುದು.

2018ರಲ್ಲಿ ಮಹೀಂದ್ರಾ ಗುಂಪಿನ ಕ್ಲಾಸಿಕ್ ಲೆಜೆಂಡ್ಸ್ ಜಾವಾ ಹೆಸರನ್ನು ಮರಳಿ ತಂದಿತು, 2022ರಲ್ಲಿ ಯೆಜ್ಡಿಯನ್ನು. ಯೆಜ್ಡಿ ಹೆಸರು ಯಾರದ್ದು ಅನ್ನುವ ಜಗಳ ಕರ್ನಾಟಕ ಹೈಕೋರ್ಟಿಗೂ ಹೋಯಿತು. ಹೊಸ ಗಾಡಿ ಬಂತಲ್ಲ, ಹಳೆಯದಕ್ಕೂ ಪಾರ್ಟ್ ಸಿಗುತ್ತದೆ ಅಂತ ಖುಷಿಪಟ್ಟವರಿದ್ದರು. ಆದರೆ ಹೊಸದರ ಎಂಜಿನ್ ನಾಲ್ಕು ಸ್ಟ್ರೋಕಿನದು, ನೀರಿನಿಂದ ತಣ್ಣಗಾಗುವಂಥದ್ದು. ಮೈಸೂರಿನ ಹಳೆಯ ಪಿಸ್ಟನ್ನಿಗೂ ಅದಕ್ಕೂ ಯಾವ ನಂಟೂ ಇಲ್ಲ. ಬಜಾಜ್ ಚೇತಕ್ 2020ರಲ್ಲಿ ಎಲೆಕ್ಟ್ರಿಕ್ ಆಗಿ ಮರಳಿದಾಗಲೂ ಇದೇ ಮಾತು. ಹೆಸರು ಮರಳಿ ಬರುವುದನ್ನು ನಂಬಿ ಹಳೆಯ ಗಾಡಿ ಇಟ್ಟುಕೊಳ್ಳಬೇಡಿ.

ಇನ್ನು ಮೂರನೆಯ ಗುಂಪು, ಲೇತ್ ಮುಟ್ಟಲಾಗದ ಭಾಗಗಳು. ನಿಜವಾದ ತೊಂದರೆ ಇರುವುದು ಇಲ್ಲಿಯೇ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕಿಗೂ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಹೊಗೆ ಕಡಿಮೆ ಮಾಡುವ ಬಿಎಸ್-6 ನಿಯಮ ಬಂತು. ಹೆಚ್ಚಿನ ಬೈಕುಗಳಲ್ಲಿ ಕಾರ್ಬೊರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಎಂಜಿನ್ನಿಗೆ ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಅಂತ ತೀರ್ಮಾನಿಸುವುದು ಈಗ ಇಸಿಯು ಅನ್ನುವ ಸಣ್ಣ ಕಂಪ್ಯೂಟರ್. ಅದರೊಳಗಿನ ಪ್ರೋಗ್ರಾಮ್ ಆ ಮಾಡೆಲ್ಲಿಗೇ ಬರೆದದ್ದು. ಬಾಷ್ ಕಂಪನಿಯ ಇಸಿಯು ಹತ್ತು ಬೈಕಿನಲ್ಲಿ ಇರಬಹುದು. ಆದರೆ ಒಂದರದ್ದು ತೆಗೆದು ಇನ್ನೊಂದಕ್ಕೆ ಹಾಕಿದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಎಬಿಎಸ್ ಮಾಡ್ಯೂಲ್, ಡಿಜಿಟಲ್ ಮೀಟರ್, ವೈರಿಂಗ್, ಬೇರೆ ಕೀ ಹಾಕಿದರೆ ಗಾಡಿ ಸ್ಟಾರ್ಟ್ ಆಗದಂತೆ ತಡೆಯುವ ಇಮೊಬಿಲೈಸರ್ ಇದ್ದರೆ ಅದರ ಕೀ, ಎಲ್ಲವೂ ಇದೇ ಜಾತಿ. ತೊಂದರೆ ಏನು ಅಂತ ಓದಲೂ ಕಂಪನಿಯ ಸ್ಕ್ಯಾನರ್ ಬೇಕಾಗುತ್ತದೆ.

ಹಾಗಾಗಿ ಹಳೆಯ ಜಾವಾ ಇವತ್ತಿಗೂ ಓಡುತ್ತಿದೆ ಅಂತ 2021ರ ಗಾಡಿಯ ಮಾಲೀಕನಿಗೆ ಸಮಾಧಾನ ಹೇಳುವುದು ಸರಿಯಲ್ಲ. ಎರಡೂ ಬೇರೆ ಕಾಲದ ಯಂತ್ರಗಳು.

ಏನು ಕೂಡಿಡಬೇಕು, ಏನು ಬೇಡ

ಬ್ರ್ಯಾಂಡ್ ನಿಂತ ಸುದ್ದಿ ಬಂದ ಕೂಡಲೇ ಕೆಲವರು ಶೋರೂಮಿಗೆ ಓಡಿ ಕೈಗೆ ಸಿಕ್ಕಿದ್ದೆಲ್ಲ ಕೊಳ್ಳುತ್ತಾರೆ. ಬ್ರೇಕ್ ಪ್ಯಾಡ್, ಆಯಿಲ್ ಫಿಲ್ಟರ್, ರಬ್ಬರ್ ಪೈಪ್. ನನ್ನ ಅಭಿಪ್ರಾಯದಲ್ಲಿ ದುಡ್ಡು ಹಾಕಬೇಕಾದ ಜಾಗ ಅದಲ್ಲ. ಪ್ಯಾಡ್, ಫಿಲ್ಟರ್ ಬೇರೆ ಕಂಪನಿಯವೂ ಬರುತ್ತವೆ. ರಬ್ಬರ್ ಅಂತೂ ಡಬ್ಬಿಯಲ್ಲಿ ಇಟ್ಟರೂ ವಯಸ್ಸಾಗಿ ಗಟ್ಟಿಯಾಗುತ್ತದೆ. ಅದರಲ್ಲೂ ವಿಜಯಪುರದ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಇಟ್ಟ ಸೀಲು, ಬೆಲ್ಟು ಬೇಗ ಬಿರಿಯುತ್ತವೆ. ಕೂಡಿಡುವುದಾದರೆ ಬೇರೆಲ್ಲೂ ಸಿಗದ್ದನ್ನು ಕೂಡಿಡಿ. ಮೀಟರ್, ಸ್ವಿಚ್ ಗೇರ್, ಹೆಡ್‌ಲೈಟ್ ಗಾಜು, ಎರಡು ಕಡೆಯ ಲಿವರ್, ಕೇಬಲ್, ಥ್ರಾಟಲ್ ಸೆನ್ಸರ್, ಆಗುವುದಾದರೆ ಒಂದು ಫ್ಯುಯೆಲ್ ಪಂಪ್. ಎರಡನೇ ಕೀ ಕಳೆದಿದ್ದರೆ ಸರ್ವಿಸ್ ಸೆಂಟರ್ ತೆರೆದಿರುವಾಗಲೇ ಮಾಡಿಸಿಬಿಡಿ. ಅದು ಮುಚ್ಚಿದ ಮೇಲೆ ಇಮೊಬಿಲೈಸರ್ ಕೀ ಮಾಡಿಸುವುದು ದೊಡ್ಡ ತಲೆನೋವು.

ಒಂಟಿಯಾಗಿ ಮಾಡುವುದಕ್ಕಿಂತ ಅದೇ ಗಾಡಿಯವರು ನಾಲ್ಕಾರು ಜನ ಸೇರಿದರೆ ಒಳ್ಳೆಯದು. ಜಮಖಂಡಿ, ಮುಧೋಳ, ಬಾಗಲಕೋಟೆ, ವಿಜಯಪುರದವರು ಕೂಡಿ ಅಪಘಾತವಾದ ಒಂದು ಗಾಡಿ ಕೊಂಡರೆ ಎಲ್ಲರ ಗಾಡಿಗೂ ಭಾಗ ಸಿಗುತ್ತದೆ. ಆದರೆ ಕಾಗದಪತ್ರ ಸರಿ ಇರಬೇಕು. ಆರ್‌ಸಿ ಇಲ್ಲದ, ನಂಬರ್ ಉಜ್ಜಿದ ಎಂಜಿನ್ ಅಗ್ಗ ಅಂತ ತಂದರೆ ಕದ್ದ ಮಾಲು ಇಟ್ಟುಕೊಂಡ ಕೇಸ್ ಮೈಮೇಲೆ ಬರಬಹುದು. ಇನ್ನೊಂದು ಮಾತು. ಸಿಗುತ್ತಿಲ್ಲ ಅಂತ ಬೇರೆ ಬೈಕಿನ ಎಂಜಿನ್ ಕೂಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಆರ್‌ಸಿಯಲ್ಲಿ ಬರೆದ ವಿವರಕ್ಕೂ ಗಾಡಿಗೂ ತಾಳೆ ಇರಬೇಕು. ಅದೇ ಬಗೆಯ ಎಂಜಿನ್ ಬದಲಿಸಿದರೂ ಆರ್‌ಟಿಓ ಒಪ್ಪಿಗೆ ಪಡೆದು ಬರೆಸಬೇಕು. ಇಲ್ಲದಿದ್ದರೆ ಅಪಘಾತವಾದ ದಿನ ವಿಮೆಯವರು ಕೈ ಎತ್ತುತ್ತಾರೆ.

ಆರ್‌ಟಿಓ ವಿಷಯದಲ್ಲಿ ಒಂದು ಸುಳ್ಳು ಭಯ ಬಹಳ ಹರಡಿದೆ. ಬ್ರ್ಯಾಂಡ್ ನಿಂತರೆ ಆರ್‌ಸಿ ರದ್ದಾಗುತ್ತದೆ ಅಂತ. ಹಾಗೇನೂ ಇಲ್ಲ. ಸ್ವಂತ ಬಳಕೆಯ ಬೈಕಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ಮುಂದುವರಿಸಬಹುದು. ಬಿಎಸ್-4 ಗಾಡಿಗಳ ಮಾರಾಟ ಮತ್ತು ಹೊಸ ನೋಂದಣಿ ನಿಲ್ಲಬೇಕು ಅಂತ ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ಹೇಳಿದ್ದು ಕಂಪನಿ ಮತ್ತು ಶೋರೂಮುಗಳಿಗೆ. ಮೊದಲೇ ನೋಂದಣಿಯಾದ ಗಾಡಿ ಓಡಿಸುವುದಕ್ಕೆ ಅದರಿಂದ ತಡೆ ಇಲ್ಲ.

ವಿಮೆಯಲ್ಲಿ ಮಾತ್ರ ಎಚ್ಚರ ಬೇಕು. ಗಾಡಿಯ ವಿಮೆ ಬೆಲೆಗೆ ಐಡಿವಿ ಅಂತಾರೆ. ಸಾಮಾನ್ಯವಾಗಿ ವರ್ಷದಿಂದ ವರ್ಷಕ್ಕೆ ಇಷ್ಟು ಶೇಕಡಾ ಇಳಿಯಬೇಕು ಅಂತ ಒಂದು ಪಟ್ಟಿ ಇದೆ. ನಾಲ್ಕರಿಂದ ಐದು ವರ್ಷದ ಗಾಡಿಗೆ 50% ಇಳಿಕೆ. ಆದರೆ ಐದು ವರ್ಷ ದಾಟಿದ ಗಾಡಿಗೆ ಮತ್ತು ಕಂಪನಿ ನಿಲ್ಲಿಸಿದ ಮಾಡೆಲ್ಲಿಗೆ ಈ ಪಟ್ಟಿ ಅನ್ವಯಿಸುವುದಿಲ್ಲ. ವಿಮೆ ಕಂಪನಿ ಮತ್ತು ಮಾಲೀಕ ಮಾತಾಡಿ ಒಪ್ಪಿದ ಬೆಲೆಯೇ ಐಡಿವಿ. ಅಂದರೆ ಮಾತಾಡುವ ಹಕ್ಕು ನಿಮಗಿದೆ. ಏಜೆಂಟ್ ಬರೆದದ್ದಕ್ಕೆ ಸುಮ್ನೆ ಸಹಿ ಹಾಕಬೇಡಿ. ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಗಾಡಿ ಪೂರ್ತಿ ಹೋಯಿತು ಅಂತ ಲೆಕ್ಕ ಹಾಕುತ್ತಾರೆ. ಪಾರ್ಟ್ ದುಬಾರಿಯಾದ, ಐಡಿವಿ ಕಡಿಮೆ ಬರೆದ ಗಾಡಿಗೆ ಸಣ್ಣ ಅಪಘಾತದಲ್ಲೇ ಈ ಸ್ಥಿತಿ ಬರುತ್ತದೆ.

ಕಾನೂನು ಎಲ್ಲಿಯವರೆಗೆ ಬರುತ್ತದೆ

ವಾರಂಟಿ ಅಂದರೆ ಕರಾರು. ಬ್ರ್ಯಾಂಡ್ ನಿಲ್ಲಿಸಿದೆವು ಅನ್ನುವ ಕಾರಣಕ್ಕೆ ಕಂಪನಿ ಅದನ್ನು ಮುರಿಯುವಂತಿಲ್ಲ. ಅದಕ್ಕೇ ಬಿಲ್ ಮತ್ತು ವಾರಂಟಿ ಪುಸ್ತಕದಲ್ಲಿ ಯಾವ ಕಂಪನಿಯ ಹೆಸರಿದೆ ಅಂತ ಈಗಲೇ ನೋಡಿ. ಟ್ಯಾಂಕಿನ ಮೇಲಿನ ಹೆಸರು ಬೇರೆ, ಜವಾಬ್ದಾರಿ ಹೊತ್ತ ಕಂಪನಿ ಬೇರೆ ಇರಬಹುದು.

ವಾರಂಟಿ ಮುಗಿದ ಮೇಲೆ ಪಾರ್ಟ್ ಎಷ್ಟು ವರ್ಷ ಕೊಡಬೇಕು? ನಮ್ಮ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಇಷ್ಟೇ ವರ್ಷ ಅನ್ನುವ ಅಂಕಿ ಇಲ್ಲ. ಇದು ನನಗೆ ಬೇಸರ ತರುವ ಸಂಗತಿ. ಹತ್ತು ಹದಿನೈದು ವರ್ಷ ಓಡುವ ಸಾಮಾನು ಮಾರುವವನು ಅಷ್ಟು ವರ್ಷ ಪಾರ್ಟ್ ಇಡಬೇಕು ಅನ್ನುವುದು ನ್ಯಾಯದ ಮಾತು ಅಲ್ವಾ? ಗಾಳಿ ಸ್ವಲ್ಪ ಆ ಕಡೆ ಬೀಸುತ್ತಿದೆ. 2014ರಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ಹಾಕಿತು, ಹೊರಗಿನ ಗ್ಯಾರೇಜುಗಳಿಗೆ ಪಾರ್ಟ್ ಮತ್ತು ರಿಪೇರಿ ಮಾಹಿತಿ ಸಿಗದಂತೆ ಮಾಡಿದ್ದಕ್ಕೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಸ್ಕ್ಯಾನರ್, ಇಸಿಯು ಪ್ರೋಗ್ರಾಮ್ ಹೊರಗಿನ ಮೆಕ್ಯಾನಿಕ್‌ಗೂ ಸಿಗಬೇಕು ಅನ್ನುವ ಒತ್ತಾಯ ಮುಂದಿನ ಹೆಜ್ಜೆಯಾಗಬೇಕು.

ದೂರು ಕೊಡುವುದಾದರೆ ಮೊದಲು ಲಿಖಿತವಾಗಿ ಕಂಪನಿಗೆ ಕೇಳಿ, ಉತ್ತರ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿ ದಿಲ್ಲಿಯಲ್ಲಿರಲಿ, ಪುಣೆಯಲ್ಲಿರಲಿ, ಗಾಡಿ ಬೇರೆ ಊರಲ್ಲಿ ಕೊಂಡಿರಲಿ, ವಿಜಯಪುರದವರು ವಿಜಯಪುರದಲ್ಲೇ ಹಾಕಬಹುದು. ಐದು ಲಕ್ಷ ರೂಪಾಯಿಯವರೆಗಿನ ಸಾಮಾನಿಗೆ ಶುಲ್ಕವೂ ಇಲ್ಲ. ತೊಂದರೆ ಶುರುವಾಗಿ ಎರಡು ವರ್ಷದೊಳಗೆ ಹಾಕಬೇಕು. ಕೊಳ್ಳುವಾಗ ಕೊಟ್ಟ ಜಾಹೀರಾತು, ಬ್ರೋಷರ್ ಎಸೆಯಬೇಡಿ. ಸರ್ವಿಸ್ ಎಲ್ಲೆಡೆ ಸಿಗುತ್ತದೆ ಅಂತ ಅದರಲ್ಲಿ ಬರೆದಿದ್ದರೆ ಅದೂ ಸಾಕ್ಷಿಯೇ.

ಕಂಪನಿಯೇ ದಿವಾಳಿ ಆದಾಗ ದಾರಿ ಬೇರೆ. 2016ರ ದಿವಾಳಿ ಸಂಹಿತೆಯ ಪ್ರಕಾರ ನ್ಯಾಯಮಂಡಳಿ ಅರ್ಜಿ ಒಪ್ಪಿಕೊಂಡ ದಿನದಿಂದ ಆ ಕಂಪನಿಯ ಮೇಲಿನ ಕೇಸುಗಳಿಗೆ ತಡೆ ಬೀಳುತ್ತದೆ. ಗ್ರಾಹಕ ಆಯೋಗದ ಕೇಸೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಬಾಕಿ ಇರುವವರು ಇಂಥ ಅಧಿಕಾರಿಗೆ ಅರ್ಜಿ ಕೊಡಿ ಅಂತ. ದಿನಗಳು ಬಹಳ ಕಡಿಮೆ ಇರುತ್ತವೆ. ಅರ್ಜಿ ಕೊಡದಿದ್ದರೆ ನಿಮ್ಮ ಬಾಕಿ ಲೆಕ್ಕಕ್ಕೇ ಬರುವುದಿಲ್ಲ. ಕೊಟ್ಟರೂ ಬ್ಯಾಂಕುಗಳು, ಕೆಲಸಗಾರರು ಮುಂದಿನ ಸಾಲಿನಲ್ಲಿ, ವಾರಂಟಿ ಕೇಳುವವರು ಹಿಂದೆ.

ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವವರು ಇದನ್ನು ಚೆನ್ನಾಗಿ ತಿಳಿದಿರಬೇಕು. ಅದರ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದ್ದು. ಕಂಪನಿ ಇಲ್ಲವಾದರೆ ಬ್ಯಾಟರಿ ವಾರಂಟಿ ಬರೀ ಕಾಗದ. ಬ್ಯಾಟರಿ, ಕಂಟ್ರೋಲರ್, ಮೀಟರ್ ಒಂದಕ್ಕೊಂದು ಮಾತಾಡುವಂತೆ ಪ್ರೋಗ್ರಾಮ್ ಆಗಿರುವ ಗಾಡಿಗೆ ಬೇರೆ ಬ್ಯಾಟರಿ ಹಾಕುವುದು ಸುಲಭವಲ್ಲ. ಹೊಸ ಕಂಪನಿಯ ಗಾಡಿ ನೋಡುವಾಗ ಎಷ್ಟು ಕಿಲೋಮೀಟರ್ ಓಡುತ್ತದೆ ಅಂತ ಕೇಳುತ್ತೀರಿ. ಬ್ಯಾಟರಿ ಯಾರು ಮಾಡಿದ್ದು, ಆ್ಯಪ್ ಇಲ್ಲದೆ ಗಾಡಿ ಸ್ಟಾರ್ಟ್ ಆಗುತ್ತದಾ ಅಂತಲೂ ಕೇಳಿ.

ಇಷ್ಟೆಲ್ಲ ಆದ ಮೇಲೆ ಮಾರಬೇಕಾ? ಗಾಡಿ ವಾರಂಟಿಯಲ್ಲಿದ್ದು ಜವಾಬ್ದಾರಿ ಹೊತ್ತ ಕಂಪನಿ ಬದುಕಿದ್ದರೆ ಮೊದಲ ಕೆಲವು ತಿಂಗಳು ಮಾರಬೇಡಿ. ಎಲ್ಲರೂ ಮಾರಲು ಬಂದಿರುವಾಗ ಬೆಲೆ ತಳದಲ್ಲಿರುತ್ತದೆ. ಕಂಪನಿಯೂ ಇಲ್ಲ, ಗಾಡಿಗಳ ಸಂಖ್ಯೆಯೂ ಕಡಿಮೆ, ಒಳಗೆಲ್ಲ ಎಲೆಕ್ಟ್ರಾನಿಕ್ಸ್, ಮೇಲಾಗಿ ನಿಮ್ಮ ದಿನದ ದುಡಿಮೆ ಅದರ ಮೇಲೆ ಅನ್ನುವುದಾದರೆ, ಗಾಡಿ ಚೆನ್ನಾಗಿ ಓಡುತ್ತಿರುವಾಗಲೇ ಕೊಟ್ಟುಬಿಡುವುದು ಒಳ್ಳೆಯದು. ಕಾರ್ಬೊರೇಟರ್ ಗಾಡಿಯಾದರೆ ನಾನಂತೂ ಇಟ್ಟುಕೊಳ್ಳಿ ಅಂತಲೇ ಹೇಳುತ್ತೇನೆ.

ನಿಂತುಹೋದ ಬ್ರ್ಯಾಂಡಿನ ಗಾಡಿಯನ್ನು ಅಗ್ಗಕ್ಕೆ ಕೊಳ್ಳುವವರು ಮೊದಲು ಕೀ ಆನ್ ಮಾಡಿ ಮೀಟರ್ ನೋಡಬೇಕು. ಎಂಜಿನ್ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಎಬಿಎಸ್ ದೀಪವೂ ಹತ್ತಬೇಕು, ಗಾಡಿ ಸ್ವಲ್ಪ ಮುಂದೆ ಹೋದ ಮೇಲೆ ಆರಬೇಕು. ಆರದಿದ್ದರೆ ತೊಂದರೆ ಇದೆ. ಹತ್ತಲೇ ಇಲ್ಲ ಅಂದರೆ ಯಾರೋ ದೀಪವನ್ನೇ ಕತ್ತರಿಸಿ ತೊಂದರೆ ಮುಚ್ಚಿರಬಹುದು, ಅದು ಇನ್ನೂ ಕೆಟ್ಟದ್ದು. ಎರಡೂ ಕೀ ಕೇಳಿ. ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿಗೆ ತಾಳೆ ನೋಡಿ. ಹತ್ತಿರದ ಯಾವ ಗ್ಯಾರೇಜಿನಲ್ಲಿ ಆ ಗಾಡಿಗೆ ಸ್ಕ್ಯಾನರ್ ಇದೆ ಅಂತ ವಿಚಾರಿಸಿ. ಇವೆಲ್ಲ ಸರಿ ಬಂದ ಮೇಲೆ ಬೆಲೆಯ ಮಾತು ತೆಗೆಯಿರಿ.